ಓದುಗರ ಪ್ರಶ್ನೆ: ಫಿಲ್ಮ್‌ನಲ್ಲಿ ಗೆರೆ ಕಾಣುತ್ತಿದೆ, ಬೆರಳು ಮಡಿಸಬಹುದೇ?

ಕೈ ಮುರಿದವರು ಥೆರಪಿಗೆ ಬರುವಾಗ ಕಂಕುಳಲ್ಲಿ ಎಕ್ಸ್‌ರೇ ಕವರ್ ಇದ್ದೇ ಇರುತ್ತದೆ. ಅದನ್ನು ಬಿಚ್ಚಿಯೂ ನೋಡದೆ ವ್ಯಾಯಾಮ ಶುರು ಮಾಡಿಸುವವರಿದ್ದಾರೆ; ನೋಡಿ, ಬಿರುಕಿನ ಗೆರೆಗೆ ಹೆದರಿ ಕೈಯನ್ನೇ ಮುಟ್ಟದವರೂ ಇದ್ದಾರೆ. ಮುರಿತ ಎಲ್ಲಿದೆ ಎಂದು ಹುಡುಕುವುದು ರೇಡಿಯಾಲಜಿಸ್ಟ್ ಮತ್ತು ಸರ್ಜನ್‌ರ ಕೆಲಸ. ಥೆರಪಿಸ್ಟ್ ಅದೇ ಫಿಲ್ಮನ್ನು ಬೇರೆ ಪ್ರಶ್ನೆ ಇಟ್ಟುಕೊಂಡು ನೋಡಬೇಕು. ಈ ಕೀಲು ಬಗ್ಗದಿರುವುದು ಬಿಗಿದುಕೊಂಡಿದ್ದಕ್ಕೋ, ಮೂಳೆಯೇ ಅಡ್ಡ ಬಂದಿದ್ದಕ್ಕೋ? ಇವತ್ತು ಎಷ್ಟು ಬಲ ಹಾಕಬಹುದು? ಯಾವಾಗ ಕೈಬಿಟ್ಟು ಸರ್ಜನ್‌ಗೆ ಫೋನ್ ಮಾಡಬೇಕು? ಈ ಸಲ ಬಂದ ಪ್ರಶ್ನೆಗಳೆಲ್ಲ ಸುತ್ತಿ ಬಳಸಿ ಇಲ್ಲಿಗೇ ಬರುತ್ತವೆ.

ಉಂಗುರಬೆರಳಿನ ಬುಡದ ಮೂಳೆ (ಫ್ಯಾಲೆಂಕ್ಸ್) ಮುರಿದು 4 ವಾರವಾಗಿದೆ. ಆಪರೇಷನ್ ಆಗಿಲ್ಲ. ಸರ್ಜನ್ ಚೀಟಿಯಲ್ಲಿ ‘ಮೊಬಿಲೈಸ್’ (ಆಡಿಸಿ) ಎಂದಿದೆ. ಆದರೆ ನಿನ್ನೆಯ ಫಿಲ್ಮ್‌ನಲ್ಲಿ ಮುರಿತದ ಗೆರೆ ಢಾಳಾಗಿ ಕಾಣುತ್ತಿದೆ. ರೋಗಿಯೂ ಹೆದರಿದ್ದಾರೆ, ನಾನೂ.
— ಫಿಸಿಯೋಥೆರಪಿಸ್ಟ್, ಹಾವೇರಿ

ಮಡಿಸಿ. ಬೆರಳಿನ ಮೂಳೆಗಳಲ್ಲಿ ಎಕ್ಸ್‌ರೇ ಯಾವಾಗಲೂ ಹಿಂದೆ ಬೀಳುತ್ತದೆ. ಮುರಿದ ತುದಿಗಳನ್ನು ಮೊದಲು ಹಿಡಿದಿಡುವುದು ಮೆತ್ತನೆಯ ಕ್ಯಾಲಸ್, ಅಂದರೆ ಮುರಿತದ ಸುತ್ತ ಹುಟ್ಟುವ ಹೊಸ ಬೆಸುಗೆ. ಅದರಲ್ಲಿ ಕ್ಯಾಲ್ಸಿಯಂ ಇನ್ನೂ ತುಂಬಿರುವುದಿಲ್ಲ, ಹಾಗಾಗಿ ಫಿಲ್ಮ್‌ಗೆ ಕಾಣುವುದಿಲ್ಲ. ಬುಡದ ಫ್ಯಾಲೆಂಕ್ಸ್ 3ರಿಂದ 4 ವಾರದಲ್ಲಿ ಕೈಗೆ ಗಟ್ಟಿಯಾಗಿ ಸಿಗುತ್ತದೆ. ಗೆರೆ ಮಾತ್ರ ತಿಂಗಳುಗಟ್ಟಲೆ ಉಳಿಯಬಹುದು. ಎರಡನೇ ವಾರದ ಫಿಲ್ಮ್‌ನಲ್ಲಿ ಗೆರೆ ಮೊದಲ ದಿನಕ್ಕಿಂತ ಅಗಲವಾಗಿ ಕಂಡರೂ ಗಾಬರಿ ಬೇಡ. ಸತ್ತ ಅಂಚನ್ನು ದೇಹ ಕರಗಿಸಿಕೊಳ್ಳುವಾಗ ಹಾಗೆ ಕಾಣುತ್ತದೆ. ಗೆರೆ ಮಾಯವಾಗಲಿ ಎಂದು 6-8 ವಾರ ಕಟ್ಟಿಟ್ಟರೆ ಮೂಳೆ ಕೂಡುತ್ತದೆ, ಆದರೆ ಟೆಂಡನ್ (ಸ್ನಾಯುವನ್ನು ಮೂಳೆಗೆ ಸೇರಿಸುವ ಹುರಿ) ಮೂಳೆಗೆ ಅಂಟಿಕೊಂಡು ನಡುಗೆಣ್ಣು ಕಾಯಂ ಬಗ್ಗಿದಂತೆ ನಿಂತುಬಿಡುತ್ತದೆ.

ಹಾಗಾದರೆ ಯಾವುದನ್ನು ನಂಬುವುದು? ನಿಮ್ಮ ಹೆಬ್ಬೆರಳನ್ನು. ಮುರಿತದ ಜಾಗವನ್ನು ಪಕ್ಕದಿಂದ ಒತ್ತಿ ನೋಡಿ. ಮೂಳೆಯ ಮೇಲೆ ಚುಚ್ಚುವ ನೋವಿಲ್ಲ, ಮೆಲ್ಲಗೆ ಬಾಗಿಸಲು ನೋಡಿದರೆ ಅಲುಗಾಟವಿಲ್ಲ ಎಂದಾದರೆ ಕೂಡಿಕೊಂಡಿದೆ. ಆಮೇಲೆ ಮೊದಲ ದಿನದ ಫಿಲ್ಮನ್ನೂ ನಿನ್ನೆಯದನ್ನೂ ಅಕ್ಕಪಕ್ಕ ಇಡಿ. ಗೆರೆ ಇದೆಯೋ ಇಲ್ಲವೋ ಎಂಬುದನ್ನು ಬಿಡಿ. ತುಂಡುಗಳ ನಡುವಿನ ಕೋನ ಮತ್ತು ಉದ್ದ ಬದಲಾಗಿವೆಯೇ ನೋಡಿ. ಅಡ್ಡ ಮುರಿತ ಕೂತಲ್ಲಿ ಕೂತಿದ್ದರೆ ನಿಶ್ಚಿಂತೆ. ಓರೆ ಮತ್ತು ಸುರುಳಿ ಮುರಿತ ಜಾರುತ್ತವೆ. ಎಲ್ಲಕ್ಕಿಂತ ಮೋಸದ್ದು ಬುಡದ ಫ್ಯಾಲೆಂಕ್ಸ್‌ನ ತಲೆಯ ಎರಡು ಗುಬುಟುಗಳಲ್ಲಿ ಒಂದೇ ಸೀಳಿದ್ದು. ಮೊದಲ ದಿನ ಕೂದಲೆಳೆಯಷ್ಟಿದ್ದು ವಾರದಲ್ಲಿ ಮೆಟ್ಟಿಲಾಗುತ್ತದೆ. ಅಂಥದ್ದು ಕಂಡರೆ ಮಡಿಸುವ ಮೊದಲು ಸರ್ಜನ್‌ಗೆ ತೋರಿಸಿ.

ಮಡಿಸುವ ಕ್ರಮ ಹೀಗಿರಲಿ. ಬುಡದ ಗೆಣ್ಣನ್ನು ಬಗ್ಗಿಸಿ ಹಿಡಿದು ನಡುಗೆಣ್ಣನ್ನು ಚಾಚಿಸುವುದು, ಕೊಕ್ಕೆಯಂತೆ ಮಡಿಸುವುದು, ಆಮೇಲೆ ಪೂರ್ತಿ ಮುಷ್ಟಿ. ಎಲ್ಲವೂ ರೋಗಿಯ ಸ್ವಂತ ಬಲದಲ್ಲಿ, ಪಕ್ಕದ ಬೆರಳಿಗೆ ಜೋಡಿಸಿ ಪಟ್ಟಿ ಕಟ್ಟಿಕೊಂಡು, ಗಂಟೆಗೊಮ್ಮೆ ಹತ್ತು ಸಲ. ನೀವು ಒತ್ತಿ ಎಳೆಯುವುದು ಮತ್ತು ಚೆಂಡು ಹಿಸುಕಿಸುವುದು 6 ವಾರ ದಾಟಿದ ಮೇಲೆ.

ಫಿಲ್ಮ್ ಹೇಳಲಾರದ ಸಂಗತಿ ಒಂದಿದೆ, ತಿರುಚು. ಬೆರಳು ತನ್ನ ಅಕ್ಷದಲ್ಲಿ ತಿರುಗಿ ಕೂಡಿದ್ದರೆ ಎಕ್ಸ್‌ರೇಯಲ್ಲಿ ಅದು ಸಲೀಸಾಗಿ ತಪ್ಪಿಹೋಗುತ್ತದೆ. ಬೆರಳುಗಳನ್ನು ಮಡಿಸಿಸಿ ನೋಡಿ. ತುದಿಗಳೆಲ್ಲ ಹೆಬ್ಬೆರಳ ಬುಡದಲ್ಲಿರುವ ಮಣಿಕಟ್ಟಿನ ಪುಟ್ಟ ಮೂಳೆ ಸ್ಕ್ಯಾಫಾಯ್ಡ್ ಕಡೆ ಮುಖ ಮಾಡಬೇಕು. 5 ಡಿಗ್ರಿ ತಿರುಚಿದ್ದರೂ ಮುಷ್ಟಿಯಲ್ಲಿ ಬೆರಳು ಪಕ್ಕದ್ದರ ಮೇಲೆ ಒಂದೂವರೆ ಸೆಂಟಿಮೀಟರ್ ಹತ್ತಿ ಕೂರಬಹುದು. ಇದನ್ನು ಮೊದಲು ಹಿಡಿಯುವವರು ಹೆಚ್ಚಾಗಿ ಥೆರಪಿಸ್ಟರೇ.

ರೋಗಿಗಳು ಈಗ ಫಿಲ್ಮ್ ತರುವುದಿಲ್ಲ, ವಾಟ್ಸಾಪ್‌ನಲ್ಲಿ ಫೋಟೋ ಕಳಿಸುತ್ತಾರೆ. ಅದನ್ನು ನೋಡಿ ತೀರ್ಮಾನಿಸಬಹುದೇ? ಮೊದಲು ಏನು ಗಮನಿಸಬೇಕು?
— ಆಕ್ಯುಪೇಷನಲ್ ಥೆರಪಿ ವಿದ್ಯಾರ್ಥಿನಿ, ಮಣಿಪಾಲ

ಮೊದಲು ಹೆಸರು, ತಾರೀಖು, ಎಡ-ಬಲದ ಗುರುತು. ಒಂದೇ ಮನೆಯ ಇಬ್ಬರ ಫಿಲ್ಮ್ ಅದಲುಬದಲಾಗಿ ಬರುವುದುಂಟು. ಆಪರೇಷನ್‌ಗೆ ಮುಂಚಿನದನ್ನೇ ಇವತ್ತಿನದೆಂದು ಕಳಿಸುವುದೂ ಉಂಟು. ಫೋಟೋದಲ್ಲಿ ನಾಲ್ಕೂ ಅಂಚು ಕಾಣದಿದ್ದರೆ, ಹಿಂದಿನ ಟ್ಯೂಬ್‌ಲೈಟ್ ಬೆಳಕು ಫಿಲ್ಮ್ ಮೇಲೆ ಪಟ್ಟೆಯಾಗಿ ಬಿದ್ದಿದ್ದರೆ, ಮತ್ತೊಮ್ಮೆ ತೆಗೆಸಿ. ಕಿಟಕಿ ಗಾಜಿಗೆ ಬಿಳಿ ಕಾಗದ ಅಂಟಿಸಿ ಅದರ ಮೇಲೆ ಫಿಲ್ಮ್ ಹಿಡಿದರೆ ಬೆಳಕು ಹದವಾಗಿ ಹರಡುತ್ತದೆ. ಫೋನನ್ನು ಫಿಲ್ಮ್‌ಗೆ ನೇರವಾಗಿ ಹಿಡಿಯಲು ಹೇಳಿ. ಹಾಗೆ ತೆಗೆದ ಫೋಟೋದಲ್ಲಿ ಕೋನ ಅಳೆಯಬಹುದು. ಮಿಲಿಮೀಟರ್ ಅಳತೆಗೆ ಮಾತ್ರ ಅದನ್ನು ನಂಬಬೇಡಿ.

ಎರಡು ದಿಕ್ಕಿನ ನೋಟ ಇಲ್ಲದೆ ಏನನ್ನೂ ಹೇಳಬಾರದು. ಬೆರಳಿಗಂತೂ ಆ ಬೆರಳೊಂದರದೇ ಪಕ್ಕದ ನೋಟ ಬೇಕು. ನಾಲ್ಕು ಬೆರಳು ಒಂದರ ಮೇಲೊಂದು ಬಿದ್ದಿರುವ ‘ಕೈ ಲ್ಯಾಟರಲ್’ನಿಂದ ಪ್ರಯೋಜನವಿಲ್ಲ. ಸರಿಯಾದ ಪಕ್ಕದ ನೋಟದಲ್ಲಿ ಬುಡದ ಫ್ಯಾಲೆಂಕ್ಸ್ ತಲೆಯ ಎರಡು ಗುಬುಟುಗಳು ಒಂದೇ ವೃತ್ತವಾಗಿ ಕೂತಿರುತ್ತವೆ. ಎರಡು ವೃತ್ತ ಕಂಡರೆ ಒಂದೋ ಬೆರಳನ್ನು ಓರೆಯಾಗಿ ಇಟ್ಟಿದ್ದಾರೆ, ಇಲ್ಲವೇ ಗುಬುಟು ಸೀಳಿದೆ. ನಡುಗೆಣ್ಣು ಹಿಂದಕ್ಕೆ ಉಳುಕಿದವರಲ್ಲಿ ಈ ನೋಟ ಬಹಳ ಮುಖ್ಯ. ಕೀಲಿನ ಮೇಲ್ಮೈಗಳು ಸಮಾನಾಂತರವಾಗಿ ಕೂರುವ ಬದಲು ಹಿಂಗೈ ಬದಿಯಲ್ಲಿ ಸಣ್ಣ ‘ವಿ’ ಆಕಾರದ ಸಂದು ಬಿಟ್ಟಿದ್ದರೆ ಕೀಲು ಇನ್ನೂ ಅರ್ಧ ಜಾರಿದೆ. ಆ ಸ್ಥಿತಿಯಲ್ಲಿ ಬೆರಳು ಚಾಚಿಸುವ ವ್ಯಾಯಾಮ ಕೊಟ್ಟರೆ ಇನ್ನಷ್ಟು ಜಾರುತ್ತದೆ.

ಇನ್ನೊಂದು ಮಾತು. 1895ರ ಡಿಸೆಂಬರ್ 22ರಂದು ಎಕ್ಸ್‌ರೇ ಕಂಡುಹಿಡಿದ ರಾಂಟ್‌ಜನ್ ತಮ್ಮ ಪತ್ನಿಯ ಕೈಯ ಎಕ್ಸ್‌ರೇ ತೆಗೆದಾಗ ಉಂಗುರ ಬೆರಳಲ್ಲೇ ಇತ್ತು, ಚಿತ್ರದಲ್ಲಿ ಅದು ಕಪ್ಪಾಗಿ ಎದ್ದು ಕಾಣುತ್ತದೆ. ಇವತ್ತಿಗೂ ಉಂಗುರ ಫ್ಯಾಲೆಂಕ್ಸ್‌ನ ಬುಡವನ್ನು ಮರೆಮಾಡುತ್ತದೆ, ಗಾಜಿನ ಬಳೆ ಮುಂಗೈಯ ಕಿರುಬೆರಳ ಬದಿಯ ಮೂಳೆಯಾದ ಅಲ್ನಾದ ತುದಿಯನ್ನು. ಬಳೆ ತೆಗೆಯಲು ಮನಸ್ಸಿಲ್ಲದವರಿಗೆ ಮೊಣಕೈವರೆಗೆ ಸರಿಸಲಾದರೂ ಹೇಳಿ ಕಳಿಸಿ.

55 ವರ್ಷದ ಗೃಹಿಣಿ. ಬಿದ್ದು ಮಣಿಕಟ್ಟಿನಲ್ಲಿ ರೇಡಿಯಸ್ (ಮುಂಗೈಯ ಹೆಬ್ಬೆರಳ ಬದಿಯ ಮೂಳೆ) ಮುರಿದು, 6 ವಾರ ಪ್ಲಾಸ್ಟರ್ ಆಗಿ ಬಂದಿದ್ದಾರೆ. ಅಂಗೈ ಕಡೆ ಬಗ್ಗುವುದಿಲ್ಲ, ಅಂಗೈ ಮೇಲೆ ಮಾಡಲು ಆಗುವುದಿಲ್ಲ, ಕಿರುಬೆರಳ ಬದಿಯಲ್ಲಿ ನೋವು. ಮೂರು ವಾರ ಸ್ಟ್ರೆಚಿಂಗ್ ಮಾಡಿಸಿದರೂ ಅಷ್ಟಕ್ಕಷ್ಟೆ. ಫಿಲ್ಮ್‌ನಲ್ಲಿ ಏನನ್ನು ಅಳೆಯಲಿ?
— ಫಿಸಿಯೋಥೆರಪಿಸ್ಟ್, ತುಮಕೂರು

ಮೂರು ಅಳತೆ ಸಾಕು. ಒಂದು ಪೆನ್ಸಿಲ್, ಕೋನ ಅಳೆಯುವ ಒಂದು ಗೋನಿಯೋಮೀಟರ್ ತೆಗೆದುಕೊಳ್ಳಿ.

ಎದುರು ನೋಟದಿಂದ ಶುರು ಮಾಡಿ. ರೇಡಿಯಸ್‌ನ ಉದ್ದಕ್ಕೆ ನಡುಗೆರೆ ಎಳೆಯಿರಿ. ಅದಕ್ಕೆ ಲಂಬವಾಗಿ, ರೇಡಿಯಸ್ ಕೀಲಿನ ಅಲ್ನಾ ಬದಿಯ ಮೂಲೆಯ ಮೂಲಕ ಇನ್ನೊಂದು ಗೆರೆ. ಅದೇ ಮೂಲೆಯಿಂದ ರೇಡಿಯಸ್‌ನ ಸ್ಟೈಲಾಯ್ಡ್ (ಮೂಳೆಯ ಕೊನೆಯ ಚೂಪು ಮೊನೆ) ತುದಿಗೆ ಮೂರನೆಯದು. ಕೊನೆಯ ಎರಡು ಗೆರೆಗಳ ನಡುವಿನ ಕೋನ ಸಾಮಾನ್ಯವಾಗಿ 22 ಡಿಗ್ರಿ ಆಸುಪಾಸು. ಸ್ಟೈಲಾಯ್ಡ್ ತುದಿ ಲಂಬಗೆರೆಯಿಂದ 11-12 ಮಿಲಿಮೀಟರ್ ಮೇಲಿರಬೇಕು. ಇದು ಮೊದಲ ಅಳತೆ.

ಎರಡನೆಯದು ಅಲ್ನಾದ ತಲೆ ಮತ್ತು ರೇಡಿಯಸ್‌ನ ಆ ಮೂಲೆ, ಇವೆರಡರ ಮಟ್ಟ. ಹೆಚ್ಚು ಕಡಿಮೆ ಸಮ ಇರಬೇಕು. ಆದರೆ ಅಳೆಯುವ ಮುನ್ನ ಕೈ ಹೇಗೆ ಇಟ್ಟಿದ್ದರು ನೋಡಿ. ಭುಜ 90 ಡಿಗ್ರಿ ಎತ್ತಿ, ಮೊಣಕೈ 90 ಡಿಗ್ರಿ ಮಡಿಸಿ ತೆಗೆದ ಫಿಲ್ಮ್‌ನಲ್ಲಿ ಅಲ್ನಾದ ಸ್ಟೈಲಾಯ್ಡ್ ಹೊರ ಅಂಚಿಗೆ ಚೂಪಾಗಿ ನಿಲ್ಲುತ್ತದೆ. ಅದು ಅಲ್ನಾದ ತಲೆಯ ನಡುವೆ ಬಿದ್ದಿದ್ದರೆ ಕೈ ತಿರುಗಿತ್ತು ಎಂದರ್ಥ. ಅಂಗೈ ಪೂರ್ತಿ ಕೆಳಗೆ ಮಾಡಿ ಮುಷ್ಟಿ ಬಿಗಿದರೆ ಅಲ್ನಾ ತಾನಾಗಿಯೇ ಉದ್ದ ಕಾಣುತ್ತದೆ. ಅನುಮಾನವಿದ್ದರೆ ಇನ್ನೊಂದು ಕೈಯನ್ನೂ ಅದೇ ಭಂಗಿಯಲ್ಲಿ ತೆಗೆಸಿ ಹೋಲಿಸಿ.

ಮೂರನೆಯದು ಪಕ್ಕದ ನೋಟದಲ್ಲಿ. ಅದು ನಿಜವಾದ ಪಕ್ಕದ ನೋಟವೇ ಎಂದು ತಿಳಿಯಲು ಬಟಾಣಿಯಂಥ ಮಣಿಕಟ್ಟಿನ ಮೂಳೆ ಪಿಸಿಫಾರ್ಮ್ ಹುಡುಕಿ. ಅದರ ಅಂಗೈ ಬದಿಯ ಅಂಚು ಮಣಿಕಟ್ಟಿನ ಇನ್ನೆರಡು ಮೂಳೆಗಳಾದ ಸ್ಕ್ಯಾಫಾಯ್ಡ್ ಮತ್ತು ಕ್ಯಾಪಿಟೇಟ್‌ಗಳ ಅಂಚಿನ ನಡುವೆ ಬೀಳಬೇಕು. ಆಮೇಲೆ ರೇಡಿಯಸ್ ಕೀಲಿನ ಎರಡು ತುಟಿಗಳನ್ನು ಸೇರಿಸಿ ಗೆರೆ ಎಳೆಯಿರಿ. ಮೂಳೆಯ ನಡುಗೆರೆಗೆ ಎಳೆದ ಲಂಬಕ್ಕಿಂತ ಅದು ಅಂಗೈ ಕಡೆ 11 ಡಿಗ್ರಿಯಷ್ಟು ವಾಲಿರಬೇಕು.

ಈಗ ನಿಮ್ಮ ರೋಗಿಯ ವಿಷಯ. ಈ ವಾಲು ಹಿಂಗೈ ಕಡೆಗೆ 20 ಡಿಗ್ರಿ ತಿರುಗಿದೆ ಎಂದುಕೊಳ್ಳಿ. ಕೀಲು ತನ್ನ ಜಾಗದಿಂದ 31 ಡಿಗ್ರಿ ಹಿಂದೆ ಹೋದಂತಾಯಿತು. ಅಂಗೈ ಕಡೆ ಬಗ್ಗುವಿಕೆಯಲ್ಲಿ ಕಳೆದುಹೋದ ಅಷ್ಟರಲ್ಲಿ ಬಹುಪಾಲು ಮೂಳೆಯ ನಷ್ಟ, ಸ್ಟ್ರೆಚಿಂಗ್‌ನಿಂದ ವಾಪಸ್ ಬರುವುದಿಲ್ಲ. ಮುಟ್ಟಿ ನೋಡಿದರೆ ಕೊನೆಯಲ್ಲಿ ರಬ್ಬರಿನಂತೆ ಎಳೆದು ನಿಲ್ಲುವ ಬದಲು ಕಲ್ಲಿಗೆ ತಾಗಿದಂತೆ ನಿಲ್ಲುತ್ತದೆ. ರೇಡಿಯಸ್ ಕುಗ್ಗಿ ಅಲ್ನಾ ಉದ್ದವಾಗಿದ್ದರೆ ಅಂಗೈ ತಿರುಗಿಸುವ ಕೀಲು ಹೊಂದುವುದಿಲ್ಲ. ಸಮಮಟ್ಟದ ಮಣಿಕಟ್ಟಿನಲ್ಲಿ ಭಾರದ ನೂರರಲ್ಲಿ ಸುಮಾರು 80 ಭಾಗ ರೇಡಿಯಸ್ ಮೂಲಕ, 20 ಭಾಗ ಅಲ್ನಾ ಮೂಲಕ ಹೋಗುತ್ತದೆ. ಅಲ್ನಾ ಎರಡೂವರೆ ಮಿಲಿಮೀಟರ್ ಉದ್ದವಾದರೆ ಅದರ ಪಾಲು 40 ದಾಟುತ್ತದೆ. ಬಟ್ಟೆ ಹಿಂಡುವಾಗ, ಕೋಲಿನಲ್ಲಿ ಮುದ್ದೆ ತಿರುವುವಾಗ ಕಿರುಬೆರಳ ಬದಿ ಚುಚ್ಚುವುದು ಈ ಕಾರಣಕ್ಕೆ. ಆ ಕೆಲಸಗಳನ್ನೇ ‘ಒಳ್ಳೆ ವ್ಯಾಯಾಮ’ ಎಂದು ಹೇಳಿಕೊಟ್ಟರೆ ನೋವು ಬೆಳೆಯುತ್ತದೆ.

ಹಿಂಗೈ ಕಡೆ 10 ಡಿಗ್ರಿಗಿಂತ ಹೆಚ್ಚು ವಾಲು, 3 ಮಿಲಿಮೀಟರ್‌ಗಿಂತ ಹೆಚ್ಚು ಕುಗ್ಗು, ಕೀಲಿನೊಳಗೆ 2 ಮಿಲಿಮೀಟರ್‌ಗಿಂತ ಹೆಚ್ಚಿನ ಮೆಟ್ಟಿಲು: ಇವುಗಳಲ್ಲಿ ಒಂದಿದ್ದರೂ ಸರ್ಜನ್ ಒಮ್ಮೆ ನೋಡಬೇಕು. ಹಾಗೆಂದು ಅಳತೆ ಕೆಟ್ಟ ಕೂಡಲೇ ಕೈ ಕೆಟ್ಟಿತು ಎನ್ನಬೇಡಿ. ವಯಸ್ಸಾದವರಲ್ಲಿ ಫಿಲ್ಮ್ ವಕ್ರವಾಗಿದ್ದೂ ಕೈ ಚೆನ್ನಾಗಿ ದುಡಿಯುವುದು ಸಾಮಾನ್ಯ. ಅಲ್ನಾ ಸ್ಟೈಲಾಯ್ಡ್‌ನ ಚೂರು ಕೂಡದೆ ಉಳಿಯುವುದೂ ಸಾಮಾನ್ಯ. ಆ ಕೀಲು ಲೊಡಲೊಡ ಅನ್ನದಿದ್ದರೆ ಚೂರನ್ನು ಮರೆತುಬಿಡಿ.

ಒಂದು ಎಚ್ಚರಿಕೆ. ರೇಡಿಯಸ್ ಜಾರದೆ ಬರೀ ಬಿರುಕು ಬಿಟ್ಟವರಲ್ಲೇ, ಕೆಲವು ವಾರಗಳ ನಂತರ, ಹೆಬ್ಬೆರಳನ್ನು ಎತ್ತುವ ಉದ್ದ ಟೆಂಡನ್ ಹಿಂಗೈಯ ಬಿಗಿ ಕಾಲುವೆಯಲ್ಲಿ ಸವೆದು ಹರಿಯುವುದುಂಟು. ‘ಫಿಲ್ಮ್ ಚೆನ್ನಾಗಿದೆ’ ಎಂದು ಎಲ್ಲರೂ ಮೈಮರೆತಿರುತ್ತಾರೆ. ಅಂಗೈ ಮೇಜಿನ ಮೇಲಿಟ್ಟು ಹೆಬ್ಬೆರಳನ್ನು ಮೇಲೆತ್ತಲು ಹೇಳಿ. ಪ್ರತಿ ಭೇಟಿಯಲ್ಲೂ ಹೇಳಿ.

ರೇಡಿಯಸ್‌ಗೆ ಅಂಗೈ ಬದಿಯಿಂದ ಪ್ಲೇಟ್ ಹಾಕಿ 3 ತಿಂಗಳಾಗಿದೆ. ಹೆಬ್ಬೆರಳ ತುದಿ ಮಡಿಸುವಾಗ ಕರಕರ ಎನ್ನುತ್ತದೆ. ಮುಂದುವರಿಸಲೇ?
— ಕಲಬುರಗಿ

ಬಲ ಹಾಕುವ ವ್ಯಾಯಾಮ ಇವತ್ತೇ ನಿಲ್ಲಿಸಿ, ಪಕ್ಕದ ನೋಟದ ಫಿಲ್ಮ್ ತೆಗೆದು ನೋಡಿ. ರೇಡಿಯಸ್‌ನ ಅಂಗೈ ಬದಿಯ ತುಟಿ ಎಲ್ಲಿ ಅತಿ ಮುಂದೆ ಚಾಚಿದೆಯೋ ಅಲ್ಲಿಗೆ ತಾಗುವಂತೆ, ಮೂಳೆಯ ಉದ್ದಕ್ಕೆ ಸಮಾನಾಂತರವಾಗಿ ಗೆರೆ ಎಳೆಯಿರಿ. ಪ್ಲೇಟ್ ಆ ಗೆರೆಯನ್ನು ದಾಟಿ ಮುಂದೆ ನಿಂತಿದ್ದರೆ ಹೆಬ್ಬೆರಳು ಮಡಿಸುವ ಟೆಂಡನ್ ಅದರ ಅಂಚಿಗೆ ಉಜ್ಜುತ್ತಿದೆ. ಕರಕರ ಸದ್ದು ಹರಿಯುವ ಮುನ್ನಿನ ಮುನ್ಸೂಚನೆ. ಹರಿಯುವ ಮೊದಲು ಪ್ಲೇಟ್ ತೆಗೆಸುವುದು ಸುಲಭ. ಹರಿದ ಮೇಲೆ ಟೆಂಡನ್ ಬದಲಿಸುವ ಮಾತು ಬರುತ್ತದೆ.

ಹಿಂಗೈ ಬದಿಯಲ್ಲಿ ಬೆರಳು ಎತ್ತುವಾಗ ನೋವಿದ್ದರೆ ಸ್ಕ್ರೂ ತುದಿ ಹೊರಬಂದಿರಬಹುದು. ರೇಡಿಯಸ್‌ನ ಹಿಂಬದಿ ಚಪ್ಪಟೆಯಲ್ಲ, ನಡುವೆ ಗುಬುಟಿದೆ. ಆ ಗುಬುಟಿನ ನೆರಳಲ್ಲಿ, ಉದ್ದವಾದ ಸ್ಕ್ರೂ ಕೂಡ ಪಕ್ಕದ ನೋಟದಲ್ಲಿ ಮೂಳೆಯೊಳಗೇ ಇದ್ದಂತೆ ಕಾಣುತ್ತದೆ. ಇದಕ್ಕೆ ಮಣಿಕಟ್ಟು ಬಗ್ಗಿಸಿ ಮೇಲಿನಿಂದ ತೆಗೆಯುವ ಸ್ಕೈಲೈನ್ ನೋಟ ಬೇಕು. ಇದಕ್ಕೆ ವಿರುದ್ಧವಾದ ಮೋಸವೂ ಇದೆ. ಮಾಮೂಲಿ ಪಕ್ಕದ ನೋಟದಲ್ಲಿ ಸ್ಕ್ರೂಗಳು ಕೀಲಿನೊಳಗೆ ಹೋದಂತೆ ಕಂಡು ಗಾಬರಿ ಹುಟ್ಟಿಸುತ್ತವೆ. ಮುಂಗೈಯನ್ನು 20ರಿಂದ 25 ಡಿಗ್ರಿ ಎತ್ತಿಟ್ಟು ತೆಗೆದರೆ ನಿಜ ತಿಳಿಯುತ್ತದೆ.

‘ಎಕ್ಸ್‌ರೇ ನಾರ್ಮಲ್, ಬರೀ ಉಳುಕು’ ಎಂದು ಕಬಡ್ಡಿ ಆಟಗಾರನನ್ನು ಕಳಿಸಿದ್ದಾರೆ. ಬಿದ್ದು 12 ದಿನ. ಹೆಬ್ಬೆರಳ ಬುಡದ ಗುಳಿಯಲ್ಲಿ ನೋವು ಹಾಗೇ ಇದೆ.
— ಮಂಡ್ಯ

ಉಳುಕೆಂದು ನಂಬಬೇಡಿ. ಐದರಲ್ಲಿ ಒಂದರಷ್ಟು ಸ್ಕ್ಯಾಫಾಯ್ಡ್ ಮುರಿತಗಳು ಮೊದಲ ದಿನದ ಫಿಲ್ಮ್‌ನಲ್ಲಿ ಕಾಣದೇ ಇರಬಹುದು. ಗುಳಿಯಲ್ಲಿ ನೋವು, ಅಂಗೈ ಬದಿಯ ಉಬ್ಬಿನಲ್ಲಿ ನೋವು, ಹೆಬ್ಬೆರಳನ್ನು ಉದ್ದಕ್ಕೆ ಒಳಗೊತ್ತಿದರೆ ನೋವು, ಈ ಮೂರೂ ಇದ್ದರೆ ಹೆಬ್ಬೆರಳು ಸೇರಿಸಿ ಸ್ಪ್ಲಿಂಟ್ ಹಾಕಿ ವಾಪಸ್ ಕಳಿಸಿ. 10ರಿಂದ 14 ದಿನಕ್ಕೆ ಇನ್ನೊಮ್ಮೆ ಫಿಲ್ಮ್ ಆಗಬೇಕು, ಅದರಲ್ಲಿ ಮುಷ್ಟಿಯನ್ನು ಕಿರುಬೆರಳ ಕಡೆ ವಾಲಿಸಿ ತೆಗೆದ ನೋಟವೂ ಇರಬೇಕು. ಆಗ ಸ್ಕ್ಯಾಫಾಯ್ಡ್ ನೀಳವಾಗಿ ಚಾಚಿಕೊಳ್ಳುತ್ತದೆ. ಎಂಆರ್‌ಐ ಸಿಕ್ಕರೆ ಕಾಯುವುದೇ ಬೇಡ.

ಹಟ ಹಿಡಿದು ಹೇಳುವುದಕ್ಕೆ ಕಾರಣವಿದೆ. ಈ ಪುಟ್ಟ ಮೂಳೆಗೆ ರಕ್ತದ ಬಹುಪಾಲು ಬೆರಳ ಕಡೆಯ ಭಾಗದಿಂದ ಒಳಹೊಕ್ಕು ಹಿಮ್ಮುಖವಾಗಿ ಹರಿಯುತ್ತದೆ. ಮೂಳೆಯ ಸೊಂಟದಂಥ ನಡುಭಾಗದಲ್ಲಿ ಮುರಿದರೆ ಮುಂಗೈ ಕಡೆಯ ತುಂಡು ಹಸಿದು ಸಾಯಬಹುದು. ಫಿಲ್ಮ್‌ನಲ್ಲಿ ಅದು ಸುತ್ತಲ ಮೂಳೆಗಿಂತ ಬೆಳ್ಳಗೆ ಕಾಣುತ್ತದೆ. ಕೂಡಿದೆಯೇ ಎಂದು ಇಲ್ಲಿ ಎಕ್ಸ್‌ರೇ ನೋಡಿ ಹೇಳುವುದು ಕಷ್ಟ. ಪುಶ್‌ಅಪ್, ಭಾರ ಎತ್ತುವುದು ಶುರು ಮಾಡುವ ಮುನ್ನ ಸಿಟಿ ಸ್ಕ್ಯಾನ್ ಕೇಳಿ.

ಅದೇ ಫಿಲ್ಮ್‌ನಲ್ಲಿ ಇನ್ನೆರಡು ನೋಡಿ. ಸ್ಕ್ಯಾಫಾಯ್ಡ್ ಮತ್ತು ಅದರ ಪಕ್ಕದ ಮೂಳೆ ಲೂನೇಟ್ ನಡುವೆ 3 ಮಿಲಿಮೀಟರ್‌ಗಿಂತ ಹೆಚ್ಚು ಸಂದು ಇದ್ದರೆ ಅವೆರಡನ್ನೂ ಕಟ್ಟಿಹಿಡಿದ ಲಿಗಮೆಂಟ್ ಹರಿದಿರಬಹುದು. ಪಕ್ಕದ ನೋಟದಲ್ಲಿ ರೇಡಿಯಸ್ ಬಟ್ಟಲಲ್ಲಿ ಲೂನೇಟ್, ಲೂನೇಟ್ ಬಟ್ಟಲಲ್ಲಿ ಕ್ಯಾಪಿಟೇಟ್ ಒಂದರ ಮೇಲೊಂದು ಕೂತಿರಬೇಕು. ಯಾವುದಾದರೂ ಬಟ್ಟಲು ಖಾಲಿ ಕಂಡರೆ ಅದು ಕೀಲು ತಪ್ಪಿದ್ದು, ಅದೇ ದಿನ ಆಸ್ಪತ್ರೆಗೆ. ಇಂಥವುಗಳಲ್ಲಿ ಸುಮಾರು ಕಾಲು ಭಾಗ ಮೊದಲ ತಪಾಸಣೆಯಲ್ಲೇ ತಪ್ಪಿಹೋಗುತ್ತವೆ.

8 ವರ್ಷದ ಹುಡುಗ. ಮೊಣಕೈ ಮೇಲೆ ಮುರಿದು ಪ್ಲಾಸ್ಟರ್ ಬಿಚ್ಚಿ 3 ವಾರ. ಪೂರ್ತಿ ಚಾಚುವುದಿಲ್ಲ. ಮನೆಯವರು ಎಣ್ಣೆ ಹಚ್ಚಿ ನೀವಿಸುತ್ತಿದ್ದಾರೆ. ಹೊಸ ಫಿಲ್ಮ್‌ನಲ್ಲಿ ಮೊಣಕೈ ಮುಂದೆ ಮೋಡದಂಥ ನೆರಳು.
— ಫಿಸಿಯೋಥೆರಪಿಸ್ಟ್, ಬಳ್ಳಾರಿ

ನೀವುವುದನ್ನು ಇವತ್ತೇ ಬಿಡಿಸಿ. ಆ ಮೋಡ ಸ್ನಾಯುವಿನೊಳಗೆ ಹುಟ್ಟುತ್ತಿರುವ ಮೂಳೆ. ಪೆಟ್ಟಾದ ಮೊಣಕೈಯನ್ನು ತಿಕ್ಕಿ, ಬಲವಂತವಾಗಿ ಎಳೆದರೆ ಮುಂದಿನ ಬ್ರೇಕಿಯಾಲಿಸ್ ಸ್ನಾಯುವಿನಲ್ಲಿ ಮತ್ತೆ ಮತ್ತೆ ರಕ್ತ ಸೋರಿ ಹೀಗಾಗುತ್ತದೆ. ಕೈಗೆ ಮರಳಿನ ಚೀಲ ಕಟ್ಟಿ ತೂಗಾಡಿಸುವುದೂ ಇದೇ ತಪ್ಪು. ಮೋಡದ ಅಂಚು ಮಸುಕಾಗಿರುವವರೆಗೆ ಅದು ಬೆಳೆಯುತ್ತಿದೆ. ಅಂಚು ಸ್ಪಷ್ಟವಾಗಿ, ಒಳಗೆ ಮೂಳೆಯ ಜಾಲರಿ ಕಾಣತೊಡಗಿದರೆ ಮಾಗಿದೆ. ಅದಕ್ಕೆ ತಿಂಗಳುಗಳು ಬೇಕು. ಅಲ್ಲಿಯವರೆಗೆ ಹುಡುಗ ತಾನೇ ನೋವಿಲ್ಲದಷ್ಟು ಮಡಿಸಿ ಚಾಚಲಿ, ಆಡಲಿ, ಊಟ ಮಾಡಲಿ. ಮಕ್ಕಳ ಮೊಣಕೈ ಬಿಗಿತ ಹೆಚ್ಚಿನವರಲ್ಲಿ ತಿಂಗಳುಗಳಲ್ಲಿ ತಾನಾಗಿ ಸಡಿಲುತ್ತದೆ. ತಾಯ್ತಂದೆಯರಿಗೆ ಈ ಮಾತನ್ನು ಎರಡು ಸಲ ಹೇಳಿ, ಅವರ ಕೈ ಸುಮ್ಮನಿರುವುದೇ ಇಲ್ಲಿ ಚಿಕಿತ್ಸೆ.

ಫಿಲ್ಮ್‌ನಲ್ಲಿ ಎರಡು ಗೆರೆ ಎಳೆದು ನೋಡಿ. ಪಕ್ಕದ ನೋಟದಲ್ಲಿ ತೋಳಿನ ಮೂಳೆ ಹ್ಯೂಮರಸ್‌ನ ಮುಂದಿನ ಅಂಚಿನುದ್ದಕ್ಕೆ ಎಳೆದ ಗೆರೆ ಕ್ಯಾಪಿಟೆಲ್ಲಮ್ ಎಂಬ ಗುಂಡು ಮೂಳೆಯ ನಡು ಮೂರನೇ ಭಾಗದ ಮೂಲಕ ಹಾಯಬೇಕು. ಮುಂದೆಯೇ ಹಾದುಹೋದರೆ ತುಂಡು ಹಿಂದಕ್ಕೆ ವಾಲಿ ಕೂಡಿದೆ. ಮಡಿಕೆ ಕಡಿಮೆಯಾಗಲು ಅದೂ ಕಾರಣ. ರೇಡಿಯಸ್ ಕುತ್ತಿಗೆಯ ನಡುಗೆರೆ ಎಲ್ಲ ನೋಟದಲ್ಲೂ ಕ್ಯಾಪಿಟೆಲ್ಲಮ್‌ಗೆ ತಾಗಬೇಕು. ತಾಗದಿದ್ದರೆ ರೇಡಿಯಸ್ ತಲೆ ತಪ್ಪಿದೆ. ಅಲ್ನಾ ಮಾತ್ರ ಮುರಿದಿದೆ ಎಂದು ಬಂದ ಮಕ್ಕಳಲ್ಲಿ ಇದನ್ನು ಮರೆಯದೆ ನೋಡಿ.

ಮಕ್ಕಳ ಮೊಣಕೈಯಲ್ಲಿ ಬೆಳೆಯುವ ಮೂಳೆಯ ತುಣುಕುಗಳು ಬಿಡಿಬಿಡಿಯಾಗಿ ಕಾಣುತ್ತವೆ. ಮುರಿತ ಎಂದು ಬೆಚ್ಚಬೇಡಿ. ಸ್ಥೂಲವಾಗಿ 1, 3, 5, 7, 9, 11 ವರ್ಷಕ್ಕೆ ಕ್ಯಾಪಿಟೆಲ್ಲಮ್, ರೇಡಿಯಸ್ ತಲೆ, ಒಳ ಎಪಿಕಾಂಡೈಲ್, ಟ್ರಾಕ್ಲಿಯಾ, ಒಲೆಕ್ರನಾನ್, ಹೊರ ಎಪಿಕಾಂಡೈಲ್ ಈ ಕ್ರಮದಲ್ಲಿ ಹುಟ್ಟುತ್ತವೆ. ವರ್ಷ ಹಿಂದುಮುಂದಾಗಬಹುದು, ಕ್ರಮ ಬಹುತೇಕ ಬದಲಾಗದು. ಟ್ರಾಕ್ಲಿಯಾ ಕಾಣುತ್ತಿದ್ದು ಒಳ ಎಪಿಕಾಂಡೈಲ್ ಕಾಣೆಯಾಗಿದ್ದರೆ ಅದು ಕಿತ್ತು ಕೀಲಿನೊಳಗೆ ಸಿಕ್ಕಿರಬಹುದು. ಅನುಮಾನವಿದ್ದಾಗ ಇನ್ನೊಂದು ಮೊಣಕೈಯ ಫಿಲ್ಮ್ ತೆಗೆಸಿ ಹೋಲಿಸಿ.

ಪದೇಪದೇ ಎಕ್ಸ್‌ರೇ ತೆಗೆಸಿದರೆ ಅಪಾಯವೆಂದು ಹೆದರಿ ರೋಗಿಗಳು ತೆಗೆಸಲು ಒಪ್ಪುವುದಿಲ್ಲ.
— ಶಿರಸಿ

ಕೈಯ ಎಕ್ಸ್‌ರೇಯ ವಿಕಿರಣ ಸುಮಾರು 0.001 ಮಿಲಿಸೀವರ್ಟ್. ನೆಲ, ಗಾಳಿ, ಆಕಾಶದಿಂದ ಎಲ್ಲರಿಗೂ ಕೆಲವೇ ಗಂಟೆಗಳಲ್ಲಿ ಸಹಜವಾಗಿ ತಾಗುವಷ್ಟು. ಹೀಗೆ ಹೇಳಿದರೆ ಒಪ್ಪುತ್ತಾರೆ. ಗರ್ಭಿಣಿಯಾಗಿದ್ದರೆ ತೆಗೆಯುವವರಿಗೆ ಮೊದಲೇ ತಿಳಿಸಲು ಹೇಳಿ.

ಮಣಿಕಟ್ಟು ಮುರಿದು 7 ವಾರ. ಕೈ ಊದಿ ಹೊಳೆಯುತ್ತಿದೆ, ಮುಟ್ಟಿದರೆ ಉರಿ. ಫಿಲ್ಮ್‌ನಲ್ಲಿ ಮೂಳೆಯೆಲ್ಲ ಮಚ್ಚೆಮಚ್ಚೆ. ಮೂಳೆ ಸವೆತವೇ?
— ದಾವಣಗೆರೆ

ಕೈ ಕಟ್ಟಿಟ್ಟ ಯಾರಲ್ಲಾದರೂ ಮೂಳೆ ಸ್ವಲ್ಪ ತೆಳುವಾಗುತ್ತದೆ, ಅದು ಒಂದೇ ಸಮನಾಗಿ ಕಾಣುವುದು ಹೆಚ್ಚು. ಕೀಲುಗಳ ಸುತ್ತ ಮಚ್ಚೆಯಾಗಿ, ಮುರಿತಕ್ಕೆ ಸಂಬಂಧವಿಲ್ಲದ ಬೆರಳ ಗೆಣ್ಣುಗಳಲ್ಲೂ ತೆಳುವಾಗಿದ್ದರೆ, ನೀವು ಹೇಳಿದ ಊತ, ಉರಿಯ ಜೊತೆ ಸೇರಿಸಿದಾಗ ಸಿಆರ್‌ಪಿಎಸ್ (ಪೆಟ್ಟಿಗೆ ಮೀರಿದ ನೋವು, ಊತ ಉಳಿಯುವ ಕಾಯಿಲೆ) ಎಂಬ ಅನುಮಾನ ಬಲವಾಗುತ್ತದೆ. ಎರಡೂ ಕೈಗಳನ್ನು ಒಂದೇ ಫಿಲ್ಮ್‌ನಲ್ಲಿ ತೆಗೆದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಆದರೆ ಇದನ್ನು ಗುರುತಿಸುವುದು ರೋಗಿಯ ಲಕ್ಷಣಗಳಿಂದಲೇ, ಮೊದಲ ವಾರಗಳಲ್ಲಿ ಫಿಲ್ಮ್ ಪೂರ್ತಿ ಸರಿಯಿದ್ದರೂ ಕಾಯಿಲೆ ಇರಬಹುದು. ಎರಡೂ ಕೈಯ ಬಣ್ಣ, ಬಿಸಿ, ಬೆವರು, ಊತ, ಉಗುರು-ರೋಮದ ಬೆಳವಣಿಗೆ ಹೋಲಿಸಿ ಬರೆದಿಟ್ಟು ಸರ್ಜನ್‌ಗೆ ಅದೇ ದಿನ ಕಳಿಸಿ. ನೋವಾಗುವಂತೆ ಎಳೆಯುವುದನ್ನು ನಿಲ್ಲಿಸಿ. ಕೈ ಎತ್ತಿಟ್ಟುಕೊಳ್ಳುವುದು, ಮೆತ್ತನೆ ಬಟ್ಟೆಯಿಂದ ಒರಟು ಬಟ್ಟೆಯವರೆಗೆ ಹಂತಹಂತವಾಗಿ ಸವರಿ ಮುಟ್ಟು ರೂಢಿಸುವುದು, ಕನ್ನಡಿ ಎದುರು ಒಳ್ಳೆಯ ಕೈ ಆಡಿಸುವುದು, ದಿನಕ್ಕೆ ನಾಲ್ಕೈದು ಬಾರಿ ಐದೈದು ನಿಮಿಷ ಶುರು ಮಾಡಿ. ಪ್ಲಾಸ್ಟರ್ ಅಥವಾ ಸ್ಪ್ಲಿಂಟ್ ಇನ್ನೂ ಇದ್ದರೆ, ಅದು ಬಿಗಿಯಾಗಿ ಬೆರಳ ಬುಡದ ಗೆಣ್ಣುಗಳನ್ನು ತಡೆಯುತ್ತಿದೆಯೇ ಎಂದು ಮೊದಲು ನೋಡಿ. ಅಂಗೈಯ ನಡುಮಡಿಕೆ ಕಾಣುವಂತೆ ಅದನ್ನು ಹಿಂದಕ್ಕೆ ಕತ್ತರಿಸಿಕೊಟ್ಟರೆ ಬೆರಳುಗಳು ಮಡಿಸಲು ಬಿಡುವಾಗುತ್ತವೆ.